ಬಾರದ ಹೆಜ್ಜೆ

ಅರಕಲಕೊಪ್ಪದ ಪಡುವಣಕ್ಕೆ ಬೋಳು ಬಂಡೆಯೊಂದಿದೆ. ಅದರ ಮೈಮೇಲೆ ಒಂದು ಕಡೆ ನೀರಲೆಯ ಗೆರೆಗಳು, ಇನ್ನೊಂದು ಕಡೆ ಒಣಗಿದ ಕೆಸರಿನ ಬಿರುಕುಗಳು, ಬಿರುಕುಗಳಲ್ಲಿ ತುಂಬಿ ಗಟ್ಟಿಯಾದ ಮರಳು. ನಡುವೆ ಮನುಷ್ಯನ ಹೆಜ್ಜೆಗಳು ಒಳಮುಖವಾಗಿ ಹೋಗಿವೆ; ಒಂದೂ ಹಿಂದಿರುಗಿಲ್ಲ. ಊರವರು ಈ ಬಂಡೆಯನ್ನು ‘ಬಾರದ ಹೆಜ್ಜೆ’ ಎನ್ನುತ್ತಾರೆ. ಈಚೆಗೆ ಯಾರೋ ಪುಣ್ಯಾತ್ಮರು ‘ದೇವರ ಪಾದ’ ಎಂದು ಫಲಕ ನೆಟ್ಟಿದ್ದಾರೆ. ಅದನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ. ದೇವರನ್ನು ಯಾರೂ ಕೆಸರಿಗೆ ದೂಡಿರಲಿಲ್ಲ.

ಹಿಂದೆ ಒಮ್ಮೆ ಇಲ್ಲಿ ಕೆರೆಯಿತ್ತಂತೆ. ಹಳ್ಳ ತಂದ ದಪ್ಪ ಮರಳು ಕೆರೆಯ ಬಾಯಲ್ಲೇ ನಿಂತು, ನುಣ್ಣನೆಯ ಮಣ್ಣು ಮಾತ್ರ ಏರಿಯ ಬಳಿ ಬಂದು ತಂಗುತ್ತಿತ್ತು. ಆ ಮಣ್ಣು ಕುಂಬಾರರದು. ಆದರೆ ಕೆಸರು ಒಣಗಿ ಬಿರುಕು ಬಿಡುವವರೆಗೆ ಅದರಲ್ಲಿ ಕಾಲಿಡಬಾರದೆಂಬುದು ಅವರ ಕಟ್ಟಳೆ. ಆ ವರ್ಷ ಊರಿನ ದೇಸಾಯಿಗೆ ಮಗಳ ಮದುವೆಯೊಳಗೆ ವಾಡೆಯ ಗೋಡೆಗಳಿಗೆ ನುಣುಪು ಗಿಲಾವು ಆಗಬೇಕಿತ್ತು. ಬೇಡವೆಂದರೂ ಕೇಳದೆ ಕುಂಬಾರ ಮಲಕಾಜಿಯನ್ನು ಏರಿಯಿಂದ ಹಸಿ ಕೆಸರಿಗೆ ಇಳಿಸಿದ. ನಾಲ್ಕು ಮಾರು ನಡೆಯುವುದರೊಳಗೆ ಮಲಕಾಜಿ ಎದೆಮಟ್ಟ ಹೂತುಹೋದ. ಹೆಂಡತಿ ಭೋರವ್ವ ಹಗ್ಗ ಎಸೆಯಿರೆಂದು ಬಾಯಿ ಬಾಯಿ ಬಡಿದುಕೊಂಡಳು. ಆಳುಗಳು ಹಗ್ಗ ಹಿಡಿದು ಧಣಿಯ ಮುಖ ನೋಡುತ್ತ ನಿಂತರು. ಧಣಿ ಹೂಂ ಎನ್ನುವುದರೊಳಗೆ ಕೆಸರು ಮುಚ್ಚಿಕೊಂಡಿತ್ತು. ಹೆಣವನ್ನಾದರೂ ತೆಗೆಸೆಂದರೆ, “ಒಣಗ್ಲಿ. ಮಣ್ಣು ತಗಿಯೂ ಮುಂದ ತಗದ್ರಾತು” ಎಂದನಂತೆ.

“ನನ್ನ ಗಂಡನ್ನ ನುಂಗಿದ ಮಣ್ಣು ನಿನ್ನ ಗ್ವಾಡಿಗೆ ಹತ್ತಬಾರ್ದು, ಧಣಿ. ಕಲ್ಲಾಗ್ಲಿ. ನಿನ್ನ ವಾಡೆ ಅಳಿದ್ರೂ ಈ ಹೆಜ್ಜಿ ಅಳೀಬಾರ್ದು” ಎಂದಳು ಭೋರವ್ವ.

ಕೆಸರು ಒಣಗಿ ಬಿರಿಯಿತು; ಗುದ್ದಲಿ ಬೀಳುವ ಮೊದಲೇ ಹಳ್ಳ ಸೊಕ್ಕಿ ಬಂದು ಮರಳು ಹೊದಿಸಿತು. ವರ್ಷವರ್ಷವೂ ಪದರದ ಮೇಲೆ ಪದರ ಕೂತಿತು. ಭಾರಕ್ಕೆ ಅಡಿಯ ಕೆಸರು ನೀರು ಬಿಟ್ಟು ಗಟ್ಟಿಯಾಯಿತು. ಇಂಗಿದ ಸುಣ್ಣದ ನೀರು ಕಣಕಣವನ್ನೂ ಬೆಸೆಯಿತು. ವಾಡೆ ಮಣ್ಣಾಯಿತು, ಮಣ್ಣು ಕಲ್ಲಾಯಿತು. ಎಷ್ಟೋ ತಲೆಮಾರಿನ ಮೇಲೆ ಮಳೆಗಾಳಿಗೆ ಮೇಲಿನ ಪದರ ಸವೆದಾಗ ಹೆಜ್ಜೆಗಳು ಹಾಗೆಯೇ ಇದ್ದವು ಎನ್ನುತ್ತಾರೆ. ಎಲ್ಲರೂ ಶಾಪದ ಮಹಿಮೆಯನ್ನೇ ಕೊಂಡಾಡುತ್ತಾರೆ. ಒಂದು ಹಗ್ಗ ಎಸೆಯಲು ಎಷ್ಟು ಹೊತ್ತು ಬೇಕಿತ್ತೆಂದು ಕೇಳುವವರಿಲ್ಲ.

ಈಗ ಬಂದವರು ಆ ಹೆಜ್ಜೆಗಳಿಗೆ ಕುಂಕುಮ ಹಚ್ಚಿ, ಅವುಗಳಲ್ಲಿ ಕಾಲಿಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಊರಿನ ಕುಂಬಾರರು ಮಾತ್ರ ಹಾಗೆ ಮಾಡುವುದಿಲ್ಲ. ಮಡಕೆ ಸುಡುವ ಆವಿಗೆಗೆ ಬೆಂಕಿಯಿಡುವ ಮುನ್ನ ಮನೆಯ ಹಿರಿಯಳು ಬಂಡೆಯನ್ನು ಬಳಸಿ ಬಂದು, ಕೊನೆಯ ಆಳವಾದ ಹೆಜ್ಜೆಯ ಬಳಿ ನಿಲ್ಲುತ್ತಾಳೆ. “ಬಾರೋ ಯಪ್ಪಾ, ಮನೀಗೆ ಹೋಗೂಣು” ಎಂದು ಕರೆದು, ಏರಿಯಿದ್ದ ಕಡೆಗೆ ನಡೆದುಬರುತ್ತಾಳೆ.