ಸ್ಪಿರಿಟಿನಲ್ಲಿ ಬೆಳ್ಳಗಾದ ಜೇಡ

ಕಾಡಿನ ಹೊಳೆಯ ಮೇಲಿನ ದಿಬ್ಬದಲ್ಲಿ ಎರಡು ಕೋಣೆಯ ಒಂದು ಮನೆ. ಜೇಡಗಳ ವಿಷಯ ಕಲಿಯಬೇಕೆನ್ನುವವರು ಅಲ್ಲಿಗೆ ಬಂದು ಉಳಿಯುತ್ತಿದ್ದರು. ಕಲಿಸುವವರು ದೇವೀರಮ್ಮ. ಮಂಡಿನೋವಿನಿಂದ ಅವರು ಹೊಳೆಗೆ ಇಳಿಯದೆ ನಾಲ್ಕು ವರ್ಷವಾಗಿತ್ತು.

ಶಿಷ್ಯ ಭರಮಣ್ಣ ಬಯಲುಸೀಮೆಯವನು. ಹೊಳೆದಂಡೆಯ ಒಂದೇ ಒಂದು ಮರದ ಕೆಳಗೆ ಅವನಿಗೊಂದು ಜೇಡ ಸಿಕ್ಕಿತ್ತು. ಎಳ್ಳಿಗಿಂತ ಸಣ್ಣದು. ಅದಕ್ಕೆ ಅದುವರೆಗೆ ಯಾರೂ ಹೆಸರಿಟ್ಟಿರಲಿಲ್ಲ.

ತರಗೆಲೆಯನ್ನು ಜರಡಿ ಹಿಡಿದು ಬಿಳಿ ಬಟ್ಟೆಯ ಮೇಲೆ ಉದುರಿಸಿದಾಗ ಹನ್ನೊಂದು ಸಿಕ್ಕವು. ಕೆಡದಿರಲೆಂದು ಹನ್ನೊಂದನ್ನೂ ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿಕೊಂಡು ಬಂದ.

ಎರಡು ವರ್ಷ ಅವುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಒಂದೊಂದು ಕಾಲನ್ನೂ ಅಳೆದ, ಒಂದೊಂದು ರೋಮವನ್ನೂ ಚಿತ್ರಿಸಿದ. ಹೊಸ ಜೇಡದ ವಿವರಣೆ ಸಿದ್ಧವಾಯಿತು. ದೇವೀರಮ್ಮ ಒಪ್ಪಿದರೆ ಅಚ್ಚಿಗೆ ಹೋಗಬೇಕು.

ಅವರು ಗಟ್ಟಿಯಾಗಿ ಓದಲು ಹೇಳಿದರು. ಭರಮಣ್ಣ ಓದಿದ. ಕಣ್ಣು ಎಂಟು, ಎರಡು ಸಾಲು. ಮುಂಗಾಲಿನಲ್ಲಿ ಮೂರು ಮುಳ್ಳು. ಬಣ್ಣ ಮಾಸಲು ಬಿಳಿ, ಮೈಮೇಲೆ ಯಾವ ಗುರುತೂ ಇಲ್ಲ.

"ಬದುಕಿದ್ದಾಗ ಯಾವ ಬಣ್ಣ?" ಎಂದರು ದೇವೀರಮ್ಮ.

ಭರಮಣ್ಣನಿಗೆ ಬಟ್ಟೆಯ ಮೇಲೆ ಅವು ಓಡಿದ್ದು ನೆನಪಿತ್ತು. ಬಣ್ಣ ನೆನಪಿರಲಿಲ್ಲ. ಸಿಕ್ಕ ಖುಷಿಗೆ ಸೀಸೆಯ ಮುಚ್ಚಳ ತೆಗೆಯುವುದೇ ಆತುರವಾಗಿ, ಆ ದಿನ ಏನನ್ನೂ ಬರೆದಿಟ್ಟಿರಲಿಲ್ಲ.

ಹೋಗಿ ನೋಡಿಕೊಂಡು ಬಾ ಎಂದರು. ಅವನು ಏಳಲಿಲ್ಲ. ಮಳೆ ಎಂದ, ಇಂಬಳ ಎಂದ.

"ಇಂಬಳಕ್ಕೆ ನಿನ್ನ ರಕ್ತದ ರುಚಿ ಹೊಸದೇನಲ್ಲ ಭರಮಣ್ಣ. ನಿಜ ಹೇಳು."

ಅವನು ತಲೆ ತಗ್ಗಿಸಿದ. ಈ ವರ್ಷ ಮೂರು ಸಲ ಹೋಗಿದ್ದನಂತೆ. ಆ ಮರದ ಕೆಳಗೆ ಒಂದೂ ಕಾಣಲಿಲ್ಲ. ಬೇರೆ ಮರಗಳ ಕೆಳಗೂ ಇಲ್ಲ.

"ಇದ್ದ ಹನ್ನೊಂದನ್ನೂ ನಾನೇ ತಂದುಬಿಟ್ಟೆ ಅನ್ನಿಸುತ್ತೆ ಅಮ್ಮ. ಅದಕ್ಕೇ ಅವಸರ ಮಾಡಿ ಬರೆದೆ. ಹೆಸರಾದರೂ ಉಳಿಯಲಿ ಅಂತ."

ದೇವೀರಮ್ಮ ಬೈಯಲಿಲ್ಲ. ಹೇಗೆ ಹುಡುಕಿದೆ ಎಂದು ಕೇಳಿದರು. ಒಂದೋ ಎರಡೋ ಉಳಿದಿದ್ದರೆ ಜರಡಿಯಲ್ಲಿ ಸಿಕ್ಕಿ ಸತ್ತಾವೆಂದು ಹೆದರಿ, ಮಂಡಿಯೂರಿ ಬರಿಗಣ್ಣಿನಲ್ಲೇ ಹುಡುಕಿದೆ ಎಂದ.

"ಏನನ್ನು ಹುಡುಕಿದೆ?"

"ಇದನ್ನೇ." ಮೇಜಿನ ಮೇಲಿನ ಸೀಸೆ ತೋರಿಸಿದ.

ಅವರು ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ ಎಳೆಯ ಕರಿಬೇವಿನ ಎಲೆಯೊಂದನ್ನು ಕಿತ್ತು ತಂದರು. ಸ್ಪಿರಿಟಿನ ಇನ್ನೊಂದು ಸೀಸೆಗೆ ಹಾಕಿ ಮುಚ್ಚಿದರು. ಅದನ್ನು ಮುಟ್ಟಬೇಡ, ಬೇರೆ ಕೆಲಸ ನೋಡಿಕೋ ಎಂದರು.

ಮೂರನೆಯ ದಿನ ಬೆಳಿಗ್ಗೆ ಆ ಸೀಸೆಯನ್ನು ಅವನ ಕೈಗಿಟ್ಟರು. ಸ್ಪಿರಿಟ್ ಹಸಿರಾಗಿತ್ತು. ಎಲೆ ಬೆಳ್ಳಗಾಗಿತ್ತು.

"ಈ ಬಣ್ಣದ ಎಲೆ ಯಾವ ಗಿಡದಲ್ಲಿದೆ, ಹುಡುಕಿಕೊಂಡು ಬಾ."

ಭರಮಣ್ಣ ಬಾಗಿಲವರೆಗೆ ಹೋದವನು ಅಲ್ಲೇ ನಿಂತುಬಿಟ್ಟ. ಸೀಸೆಯನ್ನು ಒಮ್ಮೆ ನೋಡಿದ, ಹಿತ್ತಲನ್ನು ಒಮ್ಮೆ ನೋಡಿದ. ಆಮೇಲೆ ಸೀಸೆಯನ್ನು ಹೊಸ್ತಿಲ ಪಕ್ಕ ಇಟ್ಟು ಹೊಳೆಯ ಕಡೆಗೆ ಓಡಿದ. ಬರಿಗೈಯಲ್ಲೇ ಓಡಿದ.

ಮರದ ಕೆಳಗೆ ಕುಳಿತ. ಈ ಸಲ ಬಿಳಿಯದನ್ನು ಹುಡುಕಲಿಲ್ಲ. ಏನನ್ನೂ ಹುಡುಕಲಿಲ್ಲ. ಒದ್ದೆ ಎಲೆಗಳನ್ನು ನೋಡುತ್ತ ಇದ್ದ.

ಬಹಳ ಹೊತ್ತಿನ ಮೇಲೆ ಎಲೆಯ ಒಂದು ಚುಕ್ಕೆ ಜಾಗ ಬದಲಿಸಿತು. ತಾಮ್ರದ ಬಣ್ಣ. ಬೆನ್ನ ಮೇಲೆ, ಬೆಳಕು ಬಿದ್ದಾಗ ಮಾತ್ರ ಕಾಣುವ ನೀಲಿ ಹೊಳಪು. ಅದರಾಚೆ ಇನ್ನೊಂದು. ಮಡಚಿದ ಎಲೆಯೊಳಗೆ ಮೊಟ್ಟೆಚೀಲವನ್ನು ಅಪ್ಪಿ ಕುಳಿತ ಒಂದು ತಾಯಿ. ಹತ್ತೊಂಬತ್ತರವರೆಗೆ ಎಣಿಸಿದ. ಆಮೇಲೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು.

ಮಧ್ಯಾಹ್ನ ಮೈಯೆಲ್ಲ ಕೆಸರಾಗಿ ಹಿಂತಿರುಗಿ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಇವೆ ಅಮ್ಮ" ಎಂದ.

ದೇವೀರಮ್ಮ ಉಪ್ಪು ತಂದು ಅವನ ಕಾಲಿಗೆ ಅಂಟಿದ್ದ ಇಂಬಳಗಳ ಮೇಲೆ ಉದುರಿಸಿದರು. ಮೂರು ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಅವರೂ ಬಿಟ್ಟರು.

"ನಿಮಗೂ ಅನುಮಾನ ಇತ್ತಾ?"

"ಇಲ್ಲದೆ ಏನು. ನಾನೂ ನಿನ್ನ ಹಾಗೇ ಎರಡು ವರ್ಷ ಸೀಸೆಯನ್ನೇ ನೋಡಿದ್ದೆನಲ್ಲ."

ಇಬ್ಬರೂ ನಕ್ಕರು. ಚಹಾ ಆಯಿತು. ಆಗ ಭರಮಣ್ಣನಿಗೆ ಅವರ ಮಂಡಿನೋವು ನೆನಪಾಯಿತು.

"ನೀವು ನೋಡಲೇಬೇಕು ಅಮ್ಮ. ಅಷ್ಟೊಂದು ಇವೆ. ಒಂದೇ ಒಂದನ್ನು ತರಲಾ?"

ದೇವೀರಮ್ಮ ವಿವರಣೆಯ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಬಣ್ಣದ ಸಾಲನ್ನು ಹೊಡೆದುಹಾಕಿ ಪೆನ್ನನ್ನು ಅವನ ಕೈಗೆ ಕೊಟ್ಟರು.

"ಬೇಡ. ಇಲ್ಲಿ ಕೂತೇ ನನಗೆ ಕಾಣುವ ಹಾಗೆ ಬರೆ."