ಕಾಶಿಯ ಗಂಧದ ವ್ಯಾಪಾರಿ ಮಗಳಿಗೆ ಮಾತು ಕಲಿಸಿದ್ದು

"ಗುರುಗಳೇ, ಮಗುವಿಗೆ ತಂದೆಯ ನುಡಿಯನ್ನು ಕಲಿಸುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಅವನ ಹೆಸರು ಚಿದಂಬರ. ಪುಣೆಯಲ್ಲಿ ನೆಲೆಸಿದವನು. ಹೆಂಡತಿ ಮರಾಠಿಯವಳು. ಗುರುಗಳು ಆಗ ಅದೇ ಊರಿನಲ್ಲಿ ಬಿಡಾರ ಮಾಡಿದ್ದರು.

"ನಾನು ಕನ್ನಡದಲ್ಲಿ ಕೇಳಿದರೆ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಗದರಿ ನೋಡಿದೆ. ಬೆಲ್ಲದ ಆಸೆ ತೋರಿಸಿ ನೋಡಿದೆ. ಅಕ್ಷರಮಾಲೆಯ ಚಿತ್ರಪಟ ತರಿಸಿ ಗೋಡೆಗೆ ಅಂಟಿಸಿದೆ. ಅದರಲ್ಲಿದ್ದ ಆನೆಗೆ ಅವಳು ಮೀಸೆ ಬರೆದಳು, ಅಷ್ಟೇ."

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಕಾಶಿಯಲ್ಲಿ ಒಬ್ಬ ಗಂಧದ ವ್ಯಾಪಾರಿ ಇದ್ದ. ಮೈಸೂರು ಸೀಮೆಯಿಂದ ಹೋಗಿ ಅಲ್ಲಿ ಅಂಗಡಿ ಇಟ್ಟವನು. ಅಲ್ಲಿಯ ಹೆಣ್ಣನ್ನೇ ಮದುವೆಯಾದ. ಒಬ್ಬಳು ಮಗಳು ಹುಟ್ಟಿದಳು. ತಾಯಿಯ ಬಾಯಲ್ಲಿ ಹಿಂದಿ, ಬೀದಿಯಲ್ಲಿ ಹಿಂದಿ. ಮಗಳ ಮೊದಲ ಮಾತೂ ಹಿಂದಿಯೇ ಆಯಿತು.

ವ್ಯಾಪಾರಿಗೆ ಭಯವಾಯಿತು. ಊರಿನಲ್ಲಿ ಅವನ ತಾಯಿ ಇದ್ದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ತನ್ನ ತಾಯಿ ಮತ್ತು ತನ್ನ ಮಗಳು ಎದುರುಬದುರು ಕೂತು ಮೂಕರಂತೆ ನೋಡುವುದನ್ನು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವನು ಒಂದು ಕಟ್ಟಳೆ ಮಾಡಿದ. ಮನೆಯೊಳಗೆ ತನಗೆ ಹಿಂದಿ ಬರುವುದೇ ಇಲ್ಲ ಎಂಬಂತೆ ಇರತೊಡಗಿದ. ಮಗಳು "ಪಾನಿ" ಎಂದರೆ, "ಹಾಗೆಂದರೇನು? ನನಗೆ ತಿಳಿಯದು. ನೀರು ಅನ್ನು" ಎನ್ನುವನು. ಹೆಂಡತಿ ಹಿಂದಿಯಲ್ಲಿ ಕೇಳಿದ್ದಕ್ಕೂ ಕನ್ನಡದಲ್ಲೇ ಉತ್ತರಿಸುವನು. ಹೆಂಡತಿ ಪಾಪ, ಉಪ್ಪು ಕೇಳಿದನೋ ಸೊಪ್ಪು ಕೇಳಿದನೋ ತಿಳಿಯದೆ ಎರಡನ್ನೂ ಬಡಿಸುವಳು. ಮಗಳು ಮಲಗಿದ ಮೇಲೆ ಮಾತ್ರ ಅವಳ ಕಿವಿಯಲ್ಲಿ ಪಿಸುಪಿಸು ಹಿಂದಿ ಆಡುವನು, ಕದ್ದು ಮಿಠಾಯಿ ತಿನ್ನುವವನ ಹಾಗೆ.

ಮಗಳಿಗೆ ಅಪ್ಪನ ಮೇಲೆ ಕನಿಕರ ಹುಟ್ಟಿತು. "ಅಪ್ಪ ಒಳ್ಳೆಯವನು, ಆದರೆ ಬುದ್ಧಿ ಸ್ವಲ್ಪ ಕಡಿಮೆ. ಪಾನಿ ಎಂದರೂ ಗೊತ್ತಿಲ್ಲ" ಎಂದು ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ಒಂದು ದಿನ ಅವಳು ಆಡುತ್ತ ಆಡುತ್ತ ಅಂಗಡಿಯ ತನಕ ಹೋದಳು. ಅಲ್ಲಿ ಅಪ್ಪ ಒಬ್ಬ ಮುದಿ ಜಮೀನ್ದಾರನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದ. ಮಾತು ನೀರು ಹರಿದಂತೆ ಹರಿಯುತ್ತಿತ್ತು. ಅಪ್ಪನಿಗೆ ಮಾತು ಬಂದುಬಿಟ್ಟಿದೆ ಎಂದು ಮಗಳಿಗೆ ಸಂತೋಷ ಉಕ್ಕಿತು. ಅಷ್ಟು ಕಾಲ ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡದ್ದನ್ನೆಲ್ಲ ನಿಂತ ನಿಲುವಿನಲ್ಲೇ ಹಿಂದಿಯಲ್ಲಿ ಸುರಿದಳು.

"ಅಪ್ಪ, ಬೆಕ್ಕು ಮರಿ ಹಾಕಿದೆ. ಹಾಲು ಉಕ್ಕಿ ಒಲೆ ಆರಿತು. ಅಮ್ಮ ನಿನ್ನನ್ನು ಹಠಮಾರಿ ಅಂದಳು. ಮೂಸಿ ಮೂಸಿಯೇ ಗಂಧ ಸವೆಸುವ ಜಮೀನ್ದಾರರು ಇವರೇ ಏನು? ಅಮ್ಮ ಹೇಳಿದ್ದಳು."

ಜಮೀನ್ದಾರ ಕೈಯಲ್ಲಿದ್ದ ಗಂಧದ ತುಂಡನ್ನು ಮೆಲ್ಲಗೆ ಕೆಳಗಿಟ್ಟು ಎದ್ದುಹೋದ.

ಅಂದಿನಿಂದ ಮಗಳು ಅಂಗಡಿಗೆ ಬರಕೂಡದೆಂದಾಯಿತು. ಮನೆಯಲ್ಲಿ ಅವಳು ಬಾಯಿ ತೆರೆದರೆ ಅಪ್ಪ ತಿದ್ದುವನು. ಊಟಕ್ಕೆ ಕೂತರೆ ಹೇಗೆ ಕೂರಬೇಕೆಂದು ಹೇಳುವನು. ಬೆಕ್ಕಿನ ಮರಿಯ ವಿಷಯ ತೆಗೆದರೆ, ಮೊದಲು ಕೈ ತೊಳೆ ಎನ್ನುವನು. ಕೊನೆಗೆ ಅವಳು ಅಪ್ಪನ ಮುಂದೆ "ಹೂಂ", "ಸರಿ", "ಆಯಿತು" ಎಂಬ ಮೂರೇ ಮಾತಿಗೆ ಇಳಿದಳು. ಮೂರೂ ಕನ್ನಡವೇ. ವ್ಯಾಪಾರಿ ಹಿಗ್ಗಿದ. ಊರ ಕಡೆ ಹೋಗುವ ಯಾತ್ರಿಕರ ಹತ್ತಿರ, "ನಿಮ್ಮ ಮೊಮ್ಮಗಳು ಅಚ್ಚ ಕನ್ನಡ ಆಡುತ್ತಾಳೆ ಎಂದು ನಮ್ಮ ತಾಯಿಗೆ ತಿಳಿಸಿ" ಎಂದು ಹೇಳಿ ಕಳುಹಿಸಿದ.

ಮುದುಕಿ ಅಷ್ಟು ಕೇಳಿದ್ದೇ ತಡ, ಗಂಟು ಕಟ್ಟಿಕೊಂಡು ಮುಂದಿನ ಯಾತ್ರಿಕರ ಜೊತೆ ಹೊರಟೇಬಿಟ್ಟಳು. ಕಾಶಿಗೆ ಬಂದವಳು ಗಂಗೆಗೂ ಹೋಗಲಿಲ್ಲ, ಗುಡಿಗೂ ಹೋಗಲಿಲ್ಲ. ನೇರ ಮಗನ ಮನೆಗೆ ಬಂದಳು. ಜೊತೆಗೆ ಬಂದ ಊರಿನವರೂ ಜಗಲಿ ತುಂಬ ಕೂತರು. ವ್ಯಾಪಾರಿ ಮಗಳಿಗೆ ಹೊಸ ಲಂಗ ಉಡಿಸಿ ಕರೆತಂದು ನಿಲ್ಲಿಸಿದ.

ಅಜ್ಜಿ ಅವಳ ಕೆನ್ನೆ ಸವರಿದಳು. "ನನ್ ಬಂಗಾರಿ, ಏನಾರ ಮಾತಾಡೇ. ನಿನ್ ಮಾತು ಕೇಳಕ್ಕೇ ಬಂದಿವ್ನಿ."

ಮಗಳು ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು. ಆಮೇಲೆ ಸ್ವಚ್ಛವಾದ ಕನ್ನಡದಲ್ಲಿ ಕೇಳಿದಳು:

"ಕೈ ತೊಳೆದೆಯಾ?"

ಅಜ್ಜಿ ಬೆರಗಾಗಿ ಇಲ್ಲವೆಂದು ತಲೆಯಾಡಿಸಿದಳು.

"ಎಷ್ಟು ಸಲ ಹೇಳಬೇಕು ನಿನಗೆ? ನೆಟ್ಟಗೆ ಕೂತುಕೋ. ಅತ್ತ ಇತ್ತ ನೋಡಬೇಡ."

ಜಗಲಿಯ ಮೇಲಿನವರು ಸೆರಗು, ಪಂಚೆಯ ತುದಿ ಬಾಯಿಗೆ ಒತ್ತಿಕೊಂಡರು. ವ್ಯಾಪಾರಿಯ ಮುಖ ಕಪ್ಪಿಟ್ಟಿತು.

"ಅಯ್ಯೋ, ಹೇಳ್ದಂಗೇ ಕುಂತ್ಕತೀನಿ ಕಣವ್ವಾ" ಎಂದಳು ಅಜ್ಜಿ.

"ತಪ್ಪು. ಸರಿಯಾಗಿ ಹೇಳು. ಕುಳಿತುಕೊಳ್ಳುತ್ತೇನೆ."

ಇನ್ನು ತಡೆಯಲಾರದೆ ಜಗಲಿಗೆ ಜಗಲಿಯೇ ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, "ಕುಳಿತುಕೊಳ್ಳುತ್ತೇನೆ" ಎಂದಳು. ಎದ್ದುಹೋಗಿ ಕೈಯನ್ನೂ ತೊಳೆದು ಬಂದಳು. ಕನ್ನಡದಲ್ಲಿ ಹೇಳಿದರೆ ಎದುರಿನವರು ಹೇಳಿದಂತೆ ಮಾಡುತ್ತಾರೆ ಎಂಬುದು ಮಗಳಿಗೆ ಆಗಲೇ ಗೊತ್ತಾದದ್ದು. ಅವಳು ಕುಣಿದಾಡಿ ಅಜ್ಜಿಯ ತೊಡೆಯೇರಿದಳು.

ಎಲ್ಲರೂ ಹೋದ ಮೇಲೆ ಮುದುಕಿ ಮಗನನ್ನು ಕರೆದಳು.

"ಕೂಸಿಗೆ ಮಾತು ಕಲಿಸಿದ್ದೀಯೋ, ಎತ್ತು ಹೊಡೆಯೋದು ಕಲಿಸಿದ್ದೀಯೋ?"

"ಅವ್ವಾ, ತಪ್ಪಿಲ್ಲದೆ ಆಡಲಿ ಅಂತ..."

"ನಿನ್ ಚಿಕ್ಕಂದಿನಲ್ಲಿ ನೀನು ಸೂರ್ಯಂಗೆ ತೂರ್ಯ ಅಂತಿದ್ದೆ. ನಾನು ನಿನ್ನೇನಾರ ಬೈದೆನಾ? ಆಗ ನಮ್ಮನೇಲಿ ತೂರ್ಯನೇ ಹುಟ್ತಿದ್ದ, ತೂರ್ಯನೇ ಮುಳುಗ್ತಿದ್ದ. ಲೋಕಕ್ಕೇನೂ ಕತ್ತಲಾಗಲಿಲ್ಲ."

ಮುದುಕಿ ಆ ಚಳಿಗಾಲವೆಲ್ಲ ಅಲ್ಲಿಯೇ ಇದ್ದಳು. ಅಜ್ಜಿ ಮೊಮ್ಮಗಳು ಇಬ್ಬರೂ ಬಿಸಿಲಿಗೆ ಮೆಟ್ಟಿಲ ಮೇಲೆ ಕೂರುವರು. ಒಬ್ಬಳು ಹಿಂದಿಯಲ್ಲಿ ಹೇಳುವಳು. ಇನ್ನೊಬ್ಬಳು ಕನ್ನಡದಲ್ಲಿ "ಆಮೇಲೆ?" ಎನ್ನುವಳು. ಅರ್ಥವಾಗದಿದ್ದರೆ ಕೈಸನ್ನೆ, ಅದರಿಂದಲೂ ಆಗದಿದ್ದರೆ ಜಗಳ. ಬೆಕ್ಕಿನ ಮರಿಯ ಸಂಗತಿಯನ್ನು ಹೇಳಿ ಮುಗಿಸಲು ಅವರಿಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಮರಿ ಎಷ್ಟು, ಕುರುಡೋ ಕಣ್ಣು ತೆರೆದವೋ, ತಾಯಿಬೆಕ್ಕು ಅವನ್ನು ಕಚ್ಚಿಕೊಂಡು ಎಲ್ಲಿಗೆ ಹೋಯಿತು ಎಂಬುದನ್ನು ತಿಳಿಯದೆ ಮುದುಕಿ ಬಿಡಲಿಲ್ಲ. ಕನ್ನಡ ಕಲಿಸುವ ಯೋಚನೆ ಅವಳಿಗೆ ಇರಲೇ ಇಲ್ಲ. ಅವಳಿಗೆ ಮರಿಗಳ ವಿಷಯ ಬೇಕಾಗಿತ್ತು.

ಚಳಿ ಕಳೆಯಿತು. ಮುದುಕಿ ಊರಿಗೆ ಹೊರಟಳು. ಅವಳನ್ನು ಬೀಳ್ಕೊಟ್ಟು ವ್ಯಾಪಾರಿ ಮನೆಗೆ ಬಂದಾಗ ಮಗಳು ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ತಾನಾಗಿಯೇ ಅವನ ಪಂಚೆ ಹಿಡಿದು ಹೇಳಿದಳು:

"ಅಪ್ಪಾ, ಅಜ್ಜಿ ಹೋಯಿತು. ನನಗೆ ಇಲ್ಲಿ ರೋನಾ ಬರುತ್ತಾನೆ."

ರೋನಾ ಎಂದರೆ ಹಿಂದಿಯಲ್ಲಿ ಅಳು. ಅಜ್ಜಿ ಹೋದಳು ಅನ್ನು, ಅಳು ಬರುತ್ತದೆ ಅನ್ನು ಎಂದು ತಿದ್ದಲು ವ್ಯಾಪಾರಿ ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ನಿಂತಿತು. ಅವನು ಅವಳ ಪಕ್ಕದಲ್ಲಿ ಕೂತ.

"ಎಲ್ಲಿ ಬರುತ್ತಾನೆ?"

ಮಗಳು ಗಂಟಲನ್ನು ಮುಟ್ಟಿ ತೋರಿಸಿದಳು.

"ನನಗೂ ಅಲ್ಲೇ" ಎಂದ ವ್ಯಾಪಾರಿ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಚಿದಂಬರನಿಗೆ ಸಮಾಧಾನವಾಗಲಿಲ್ಲ. "ಆ ಹುಡುಗಿ ಆಮೇಲೆ ಶುದ್ಧ ಕನ್ನಡ ಕಲಿತಳೇ?"

"ಎಲ್ಲಿಯ ಶುದ್ಧ! ಈಗಲೂ ಎಮ್ಮೆಯನ್ನು 'ಅವನು' ಎನ್ನುತ್ತಾಳೆ. ಅಪ್ಪನೊಡನೆ ದಿನವೂ ಕನ್ನಡದಲ್ಲೇ ಜಗಳವಾಡುತ್ತಾಳೆ. ಗೆಲ್ಲುತ್ತಾಳೆ."

"ಹಾಗಾದರೆ ನಾಳೆಯಿಂದ ನನ್ನ ಮಗಳಿಗೆ ಮೊದಲು ಏನನ್ನು ಕಲಿಸಲಿ? ಅಪ್ಪಣೆಯಾಗಲಿ."

"ಅದು ಇರಲಿ, ಚಿದಂಬರ. ಇವತ್ತು ಬೆಳಗ್ಗೆ ನಿನ್ನ ಮಗಳು ಮರಾಠಿಯಲ್ಲಿ ನಿನಗೆ ಏನು ಹೇಳಿದಳು?"

ಚಿದಂಬರ ಗುರುಗಳ ಮುಖ ನೋಡಿದ, ನೆಲ ನೋಡಿದ. ಆಮೇಲೆ ಎದ್ದು, ಮಗಳನ್ನೇ ಕೇಳಲು ಮನೆಯ ಕಡೆ ಹೊರಟ.