ಕೆಂಪು ನೀರಿನ ಚಿತ್ರಗಳು

ಕೃಷ್ಣಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿಯ ಗುರುಗಳು ಮರುಳಯ್ಯನವರು. ಎಲ್ಲರ ಬಾಯಲ್ಲೂ ಅವರು ಅಜ್ಜಾರು.

ಬಂಡೆಪ್ಪ ಎಂಬವನು ಒಮ್ಮೆ ಅವರ ಬಳಿ ಬಂದ. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲಿದ್ದವನು. ಹೋಗಿ ಬರುವವರ ಚೀಲ ತಡವಿ ತಡವಿ, ಕೊನೆಗೆ ಮನೆಯಲ್ಲಿ ಹೆಂಡತಿಯ ಚೀಲವನ್ನೂ ತಡವತೊಡಗಿದ್ದ. ತವರಿಗೆ ಹೋದ ಆಕೆ ತಿರುಗಿ ಬರಲಿಲ್ಲ.

"ಅಜ್ಜಾರ, ನನಗ ಯಾರ ಮ್ಯಾಲೂ ನಂಬಿಗಿ ಬರವಲ್ದು. ಈ ಅನುಮಾನ ಹೋಗೂ ದಾರಿ ತೋರಿಸ್ರಿ."

ಅಜ್ಜಾರು ಅವನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು.

"ಸದ್ಯಕ್ಕ ಇರಲಿ ಬಿಡು. ಇಲ್ಲಿ ಅದಕ್ಕ ಕೆಲಸ ಐತಿ."

ಆ ನದಿಯಲ್ಲಿ ಮೊಸಳೆಗಳಿದ್ದವು. ಪಟ್ಟಣದ ಒಂದು ತಂಡ ದಂಡೆಯ ಮೆಟ್ಟಿಲುಗಳ ಬಳಿ ಕಂಬ ನೆಟ್ಟು ಕ್ಯಾಮೆರಾ ಕೂರಿಸಿತ್ತು. ಕ್ಯಾಮೆರಾಕ್ಕೆ ಮೊಸಳೆ ಕಂಡರೆ ಸೈರನ್ ಕೂಗುತ್ತದೆ. ನೀರಿನಲ್ಲಿದ್ದವರು ಮೇಲೆ ಓಡಿ ಬರುತ್ತಾರೆ.

ಆದರೆ ಮೊಸಳೆ ಹೇಗಿರುತ್ತದೆ ಎಂದು ಯಂತ್ರಕ್ಕೆ ಯಾರಾದರೂ ಕಲಿಸಬೇಕು.

ನದಿಯ ಚಿತ್ರಗಳು ಆಶ್ರಮಕ್ಕೆ ಬರುತ್ತಿದ್ದವು. ಮೊಸಳೆ ಕಂಡಲ್ಲಿ ಶಿಷ್ಯರು ಅದರ ಸುತ್ತ ಒಂದು ಚೌಕ ಎಳೆಯುತ್ತಿದ್ದರು. ಆ ಚೌಕಗಳನ್ನು ನೋಡಿಯೇ ಯಂತ್ರ ಕಲಿಯುತ್ತಿತ್ತು.

ಬಂಡೆಪ್ಪನಿಗೆ ಕೆಲಸ ಹಿಡಿಸಿತು. ಕಲ್ಲು ಕಂಡರೂ ಶಂಕೆ, ನೆರಳು ಕಂಡರೂ ಶಂಕೆ. ಅವನ ಕಣ್ಣು ತಪ್ಪಿಸಿ ಒಂದು ಬಾಲವೂ ಹೋಗುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬಂತು.

ಮಳೆಗಾಲ ಹಿಡಿದು ನದಿಗೆ ಹೊಸ ನೀರು ಬಂತು. ಅದೇ ದಿನಗಳಲ್ಲಿ ಸಾಫ್ಟ್‌ವೇರೂ ಹೊಸದಾಯಿತು.

ಪಕ್ಕದಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದ ಶಿಷ್ಯೆ ತಾಯವ್ವ ಪರದೆಯ ಮೇಲಿನದನ್ನು ಓದಿ ಹೇಳಿದಳು.

"ಅಣ್ಣಾ, ಇನ್ನ ನಾವು ಚೌಕ ಎಳೀಬೇಕಿಲ್ಲಂತ. ಮೊದಲ ಯಂತ್ರನ ಎಳೀತೈತಿ. ಖರೆ ಇದ್ರ ‘ಸರಿ’ ಅಂತ ಒತ್ತೂದು, ತಪ್ಪಿದ್ರ ತಿದ್ದೂದು. ಅದನ್ನ ನೋಡಿ ಯಂತ್ರ ಮುಂದ ಕಲೀತೈತಂತ."

"ನಾವು ಕಲಿಸಿದ್ದು ನಮಗ ಹೇಳಾಕ ಬಂತೇನು? ಇಷ್ಟು ಲಗೂನ?"

"ಇನ್ನೊಂದು ಐತಿ. ನಡುನಡುವ ಪರೀಕ್ಷೆ ಚಿತ್ರ ಬರ್ತಾವಂತ. ಅವುಗಳ ಉತ್ತರ ಅವರಿಗೆ ಮೊದಲ ಗೊತ್ತಿರತೈತಿ. ನಾವು ನೋಡಿ ಒತ್ತತೀವೋ, ಹಂಗ ಒತ್ತತೀವೋ ತಿಳ್ಯಾಕ."

ಬಂಡೆಪ್ಪನ ಕೈ ಮೌಸಿನ ಮೇಲೆ ನಿಂತಿತು.

"ಯಾವುದು ಪರೀಕ್ಷೇದು ಅಂತ ಗೊತ್ತಾಗೂದು ಹೆಂಗ?"

"ಗೊತ್ತಾದ್ರ ಅದು ಪರೀಕ್ಷೆ ಹೆಂಗಾದೀತು?" ತಾಯವ್ವ ನಕ್ಕಳು.

ಅವನಿಗೆ ಆ ನಗುವಿನ ಮೇಲೂ ಅನುಮಾನ ಬಂತು. ಎದ್ದು ಅಜ್ಜಾರ ಬಳಿ ಹೋದ. ಅವರು ಧೋತರ ಒಣಹಾಕುತ್ತಿದ್ದರು.

"ಅಜ್ಜಾರ, ನನ್ನ ಮ್ಯಾಲೆ ಯಾರಿಗೆ ಸಂಶಯ?"

"ಪರೀಕ್ಷೆ ಇಡ್ರಿ ಅಂತ ಅವರಿಗೆ ಹೇಳಿದಾವ ನಾನ."

"ಯಾಕ್ರಿ?"

"ನಾನೂ ಚಿತ್ರ ನೋಡ್ತೀನಿ, ನನ್ನ ಕಣ್ಣು ಮಂಜಾಗ್ಯಾವ. ನಾ ತಪ್ಪಿದ್ರೂ ಯಾರರೆ ಹೇಳಬೇಕಲ್ಲೋ."

ಬಂಡೆಪ್ಪ ತಲೆಯಾಡಿಸಿದ. ಆದರೆ ನಂಬಲಿಲ್ಲ. ಗೇಟಿನಲ್ಲಿ ನಿಂತವನು ಇಂಥ ಮೆತ್ತಗಿನ ಮಾತು ಬಹಳ ಕೇಳಿದ್ದ.

ಅಂದಿನಿಂದ ಅವನು ಚಿತ್ರದಲ್ಲಿ ಮೊಸಳೆಯನ್ನು ಹುಡುಕಲಿಲ್ಲ. ಪರೀಕ್ಷೆಯನ್ನು ಹುಡುಕಿದ.

ಬೇಗನೆ ಸಿಕ್ಕಿಬಿಟ್ಟಿತು. ತಮ್ಮ ನದಿಯ ನೀರು ಈಗ ಕೆಂಪು. ಆದರೆ ಆಗೊಮ್ಮೆ ಈಗೊಮ್ಮೆ ಬರುವ ಕೆಲವು ಚಿತ್ರಗಳಲ್ಲಿ ನೀರು ಹಸಿರು. ಅವು ಬೇರೆ ಯಾವುದೋ ಕಾಲದವು, ಬೇರೆ ಯಾವುದೋ ಹೊಳೆಯವು.

‘ನನ್ನ ಹಿಡಿಯಾಕ ಬಲೆ ಹಾಕ್ತಾರ’ ಎಂದುಕೊಂಡ. ಒಳಗೊಳಗೇ ನಕ್ಕ.

ಹಸಿರು ನೀರು ಬಂದರೆ ಕುರ್ಚಿ ಮುಂದೆ ಎಳೆದು ಮೂಲೆ ಮೂಲೆ ನೋಡುತ್ತಿದ್ದ. ಕೆಂಪು ನೀರು ಬಂದರೆ ಯಂತ್ರ ಏನು ಹೇಳಿತೋ ಅದಕ್ಕೆ ‘ಸರಿ’ ಒತ್ತಿ ಮುಂದೆ ಹೋಗುತ್ತಿದ್ದ.

ಪರೀಕ್ಷೆಯಲ್ಲಿ ಅವನದು ಒಂದೂ ತಪ್ಪಾಗಲಿಲ್ಲ. ತಾಯವ್ವನವು ಕೆಲವು ತಪ್ಪಿದವು. ಆಕೆ ತೇಲುವ ದಿಮ್ಮಿಗೆ ಮೊಸಳೆ ಎಂದಿದ್ದಳು.

"ಅಜ್ಜಾರ, ಆಕಿ ಮ್ಯಾಲೆ ಒಂದು ಕಣ್ಣಿಡ್ರಿ," ಎಂದ ಬಂಡೆಪ್ಪ. "ದಿಮ್ಮಿ ಯಾವುದು, ಮೊಸಳಿ ಯಾವುದು ತಿಳಿಯವಲ್ದು. ಇಲ್ಲಾ, ಬೇಕಂತನ ಮಾಡ್ತಾಳ."

"ನಿನಗ ತಿಳೀತೈತೇನು?"

"ನಂದು ಒಂದೂ ತಪ್ಪಿಲ್ರಿ."



"ಹಂಗಾದ್ರ ನನಗ ಅಂಜಿಕಿ ಆಗ್ತೈತಿ."

ಇವರಿಗೂ ಹೊಟ್ಟೆಕಿಚ್ಚೇ ಎಂದುಕೊಂಡು ಬಂಡೆಪ್ಪ ಎದ್ದು ಬಂದ.

ಕೆಲವು ದಿನ ಕಳೆದವು. ಒಂದು ಮುಂಜಾನೆ ತಾಯವ್ವ ಕೊಡ ಹಿಡಿದು ಮೆಟ್ಟಿಲಿಳಿದಳು. ಬಂಡೆಪ್ಪ ಮೇಲೆ ನಿಂತು ಬೇವಿನಕಡ್ಡಿ ಜಗಿಯುತ್ತಿದ್ದ.

ಕೆಂಪು ನೀರಿನ ಮೇಲೆ ಎರಡು ಸಣ್ಣ ಉಬ್ಬುಗಳು ತೇಲುತ್ತಿದ್ದವು. ಬೆರಣಿಯ ಚೂರುಗಳಂತೆ.

ಇವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು ಅವನಿಗೆ. ಒಮ್ಮೆ ಅಲ್ಲ, ಎಷ್ಟೋ ಸಲ.

ಕಂಬದ ಕಡೆ ನೋಡಿದ. ಕ್ಯಾಮೆರಾ ಅದೇ ಜಾಗವನ್ನು ನೋಡುತ್ತಿತ್ತು. ಸೈರನ್ ಸುಮ್ಮನಿತ್ತು.

"ತಂಗೀ!" ಎಂದು ಅವನು ಕೂಗುವಷ್ಟರಲ್ಲಿ ನೀರು ಸಿಡಿಯಿತು.

ತಾಯವ್ವ ಹಿಂದಕ್ಕೆ ಬಿದ್ದಳು. ಅವಳ ಸೆರಗು ಮೊಸಳೆಯ ಬಾಯಲ್ಲಿತ್ತು. ಅಲ್ಲೇ ಹರಿಗೋಲು ಕಟ್ಟುತ್ತಿದ್ದ ಅಂಬಿಗ ಹುಲಿಗೆಪ್ಪ ಓಡಿ ಬಂದು ಕೈಯಲ್ಲಿದ್ದ ಹುಟ್ಟಿನಿಂದ ಅದರ ಮೂತಿಗೆ ಹೊಡೆದ. ಸೆರಗು ಹರಿಯಿತು. ತಾಯವ್ವ ಉಳಿದಳು.

ಅವಳನ್ನು ಮೇಲೆ ತಂದು ಕೂರಿಸಿದರು. ಅವಳು ಅಳಲಿಲ್ಲ. ಒಂದೇ ಮಾತು ಕೇಳುತ್ತಿದ್ದಳು.

"ಸೈರನ್ ಯಾಕ ಕೂಗಲಿಲ್ಲ? ಯಾಕ ಕೂಗಲಿಲ್ಲ ಅಣ್ಣಾ?"

ಬಂಡೆಪ್ಪ ನೇರವಾಗಿ ಅಜ್ಜಾರ ಮುಂದೆ ಹೋಗಿ ನಿಂತ.

"ಯಂತ್ರ ಮೋಸ ಮಾಡ್ತ್ರಿ. ನನಗ ಮೊದಲಿಂದ ಅನುಮಾನ ಇತ್ತು."

"ಆ ಎರಡು ಉಬ್ಬು ನೀ ಮೊದಲ ನೋಡಿದ್ದಿಲ್ಲೇನು?"

"ನೋಡಿದ್ದೆ."

"ಎಲ್ಲಿ?"

"ಚಿತ್ರದಾಗ್ರಿ. ಯಂತ್ರ ಏನೂ ಇಲ್ಲ ಅಂದಿತ್ತು."

"ನೀ ಏನಂದಿ?"



"ಸರಿ ಅಂದೆ."

"ಯಾಕಪಾ?"

"ನೀರು ಕೆಂಪಿತ್ರಿ. ಅದು ಪರೀಕ್ಷೆ ಅಲ್ಲ ಅಂತ ಗೊತ್ತಿತ್ತು."

ಅಜ್ಜಾರು ಬೈಯಲಿಲ್ಲ. ಒಳಗೆ ಹೋಗಿ ಒಂದು ಲ್ಯಾಪ್‌ಟಾಪ್ ತಂದು ಅವನ ಕೈಗೆ ಕೊಟ್ಟರು. ಅವನು ‘ಸರಿ’ ಒತ್ತಿ ಕಳಿಸಿದ್ದ ಚಿತ್ರಗಳನ್ನೆಲ್ಲ ಅದರಲ್ಲಿ ತಿರುಗಿ ತರಿಸಿದ್ದರು.

ನಂತರ ಮೆಟ್ಟಿಲಿಳಿದು ಹೊರಟರು. ಹುಲಿಗೆಪ್ಪನಿಗೆ ಹುಟ್ಟು ಹಿಡಿದು ಪಕ್ಕದಲ್ಲಿ ನಿಲ್ಲಲು ಹೇಳಿದರು. ಕೊನೆಯ ಮೆಟ್ಟಿಲ ಮೇಲೆ ಕೂತು ತಮ್ಮ ಎರಡೂ ಕಾಲು ನೀರಿಗೆ ಬಿಟ್ಟರು.

"ಬಾ, ಕೂಡು."

ಬಂಡೆಪ್ಪ ನೀರನ್ನು ನೋಡಿದ. ಕೆಂಪಗೆ, ಗಟ್ಟಿಯಾಗಿ ಹರಿಯುತ್ತಿತ್ತು. ಒಂದು ಗೇಣಿನ ಕೆಳಗೆ ಏನಿದೆಯೋ ಕಾಣುತ್ತಿರಲಿಲ್ಲ.

"ಇಲ್ಲೇನ್ರಿ?"

"ಇಲ್ಲೇ."

ಅವನು ಕೂತ. ಕಾಲು ಬಿಟ್ಟ. ಮೊದಲ ಚಿತ್ರ ತೆರೆದ.

ಏನೂ ಇಲ್ಲ ಎಂದಿತ್ತು ಯಂತ್ರ. ಬಂಡೆಪ್ಪ ಒತ್ತಲಿಲ್ಲ. ನೊರೆ ನೋಡಿದ, ಕಲ್ಲಿನ ಬುಡ ನೋಡಿದ, ತೇಲಿ ಬಂದ ಜೋಳದ ಕಣಿಕೆಯ ರಾಶಿ ನೋಡಿದ. ಕಣಿಕೆಯ ಹಿಂದೆ ಎರಡು ಉಬ್ಬುಗಳಿದ್ದವು.

ಚೌಕ ಎಳೆದ. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದ.

ಮುಂದಿನ ಚಿತ್ರ. ಅದರ ಮುಂದಿನದು. ಏನೋ ಅವನ ಹೆಬ್ಬೆರಳಿಗೆ ತಾಗಿತು. ಚೀರಿ ಕಾಲು ಮೇಲೆಳೆದುಕೊಂಡ. ಸಣ್ಣ ಮೀನು. ಅಜ್ಜಾರು ನಗಲಿಲ್ಲ. ಅವರ ಕಾಲು ನೀರಲ್ಲೇ ಇತ್ತು. ಅವನೂ ತಿರುಗಿ ಬಿಟ್ಟ.

ಹೊತ್ತು ಏರಿತು, ಇಳಿಯಿತು.

ಸಂಜೆ ಹೊತ್ತಿಗೆ ತಾಯವ್ವ ಬೇರೆ ಸೀರೆ ಉಟ್ಟು, ಕೊಡ ಹಿಡಿದು ಮೇಲಿನ ಮೆಟ್ಟಿಲಿನ ತನಕ ಬಂದಳು. ಅಲ್ಲಿಂದ ಕೆಳಗೆ ಇಳಿಯಲು ಅವಳಿಗೆ ಕಾಲು ಬರಲಿಲ್ಲ.

"ಅಣ್ಣಾ, ಅಡಗಿಗೆ ನೀರು ಬೇಕಾಗೇತಿ."

"ತಡಿ ತಂಗಿ. ಇನ್ನೂ ಚಿತ್ರ ಅದಾವ." ಬಂಡೆಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ.

ಅವಳು ಅಲ್ಲೇ ಕೂತಳು.

ಕೊನೆಯ ಚಿತ್ರ ಮುಗಿಯುವಷ್ಟರಲ್ಲಿ ಅವನ ಪಾದ ಬೆಳ್ಳಗೆ ಸುಕ್ಕುಗಟ್ಟಿ ಜೋಮು ಹಿಡಿದಿತ್ತು.

"ಅಜ್ಜಾರ, ಕಾಲು ತೆಗೀಲ್ರೀ?"

ಅಜ್ಜಾರು ಮೇಲೆ ಕೂತಿದ್ದ ತಾಯವ್ವನನ್ನು ನೋಡಿದರು. ಆಮೇಲೆ ನೀರನ್ನು ನೋಡಿದರು.

"ನೀ ತೆಗೆದ ಜಾಗದಾಗ ಆಕಿ ಕಾಲಿಡ್ತಾಳ. ನೋಡಿ ತೆಗಿ."